ಗಂಟಿಗೆ ಬಿಟ್ಟ ಬಾಲ

ಚಿಕ್ಕಬಳ್ಳಾಪುರದಲ್ಲಿ ನಾನು ಹಾಕಿದ ಹೊಲಿಗೆ ನಿಲ್ಲುತ್ತಿತ್ತು. ಗೌರಿಬಿದನೂರಿನಲ್ಲೂ ನಿಲ್ಲುತ್ತಿತ್ತು. ಚಿಂತಾಮಣಿಯ ಜನ ಹೊಲಿಗೆ ಹಾಕಿಸಿಕೊಂಡ ಮಾರನೆಯ ದಿನವೇ ಮುದ್ದೆ ನುಂಗಿ, ಎಲೆ ಅಡಿಕೆ ಜಗಿದು, ಸಂತೆಯಲ್ಲಿ ಜಗಳವಾಡಿಕೊಂಡು ಬಂದರೂ ನಿಲ್ಲುತ್ತಿತ್ತು. ಶಿಡ್ಲಘಟ್ಟದಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತಿತ್ತು. ಅದೇ ಸೂಜಿ, ಅದೇ ದಾರ, ಅದೇ ಕೈ. ಹೀಗೇಕೆ ಎಂದು ಯಾರನ್ನು ಕೇಳಿದರೂ ಒಂದೊಂದು ಕಾರಣ ಹೇಳುತ್ತಿದ್ದರು, ಕೇಳಿಸಿಕೊಂಡ ಮೇಲೆ ಮೊದಲಿಗಿಂತ ಹೆಚ್ಚು ತಲೆ ಕೆಡುತ್ತಿತ್ತು.

ಅರವತ್ತರ ದಶಕದ ನಡುವಿನ ಮಾತು. ನಾನು ಬೆಂಗಳೂರಿನಲ್ಲಿ ಹಲ್ಲಿನ ವೈದ್ಯ ಓದಿ ಮುಗಿಸಿ, ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕೆಲಸಕ್ಕೆ ಬಂದಿದ್ದೆ. ಸುತ್ತಮುತ್ತ ಹಲ್ಲಿನ ಡಾಕ್ಟರು ಬೇರೆ ಇರಲಿಲ್ಲವಾದ್ದರಿಂದ ಉಳಿದ ಮೂರು ಊರುಗಳಿಗೂ ವಾರದಲ್ಲಿ ಒಂದೊಂದು ದಿನ ನಾನೇ ಹೋಗಬೇಕಿತ್ತು. ಉಪಕರಣಗಳ ತಗಡಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತರೆ, ಗುಂಡಿ ಬಿದ್ದ ಕಡೆಯೆಲ್ಲ ಅದು ಗಲಗಲ ಎನ್ನುತ್ತಿತ್ತು. ಪಕ್ಕದಲ್ಲಿ ಕುಳಿತ ಹೆಂಗಸೊಬ್ಬಳು ಒಂದು ಸಲ, "ಸ್ಟೀಲ್ ಸಾಮಾನಾ ತಾಯಿ? ಹಳೇ ಸೀರೆಗೆ ಕೊಡ್ತೀರಾ?" ಎಂದು ಕೇಳಿದ್ದಳು. ಹಲ್ಲು ಕೀಳುವ ಸಾಮಾನು ಎಂದೆ. ಅವಳು ಎದ್ದು ಹಿಂದಿನ ಸೀಟಿಗೆ ಹೋದಳು.

ನಗರಗೆರೆಯಲ್ಲಿದ್ದ ನಮ್ಮಪ್ಪನಿಗೂ ನನ್ನ ಕೆಲಸದ ಬಗ್ಗೆ ಪೂರಾ ನಂಬಿಕೆ ಇರಲಿಲ್ಲ. ಹೊಲ, ಕಡಲೆಕಾಯಿ, ಎತ್ತಿನ ವಯಸ್ಸು ತಿಳಿಯಲು ಅದರ ಹಲ್ಲು, ಇಷ್ಟು ಅವರಿಗೆ ಗೊತ್ತಿತ್ತು. "ಮನುಷ್ಯರ ಹಲ್ಲಿಗೇ ಅಂತ ಒಂದು ಕಾಲೇಜು ಕಟ್ಟಿದಾರೇನಮ್ಮಾ?" ಎಂದು ಬಂದ ನೆಂಟರ ಮುಂದೆಲ್ಲ ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಆಗಲೂ ಬೇಗ ಬರುತ್ತಿತ್ತು, ಈಗಲೂ ಬರುತ್ತದೆ.

ಪೆಟ್ಟಿಗೆಯಲ್ಲಿ ಏನೇನಿತ್ತು ಎಂದು ಹೇಳಿಬಿಡುತ್ತೇನೆ. ಇರುವ ಗೊಂದಲವೇ ಸಾಕಷ್ಟಿದೆ, ಅದಕ್ಕೆ ಇನ್ನೊಂದು ಸೇರುವುದು ಬೇಡ. ಹಲ್ಲು ಕೀಳುವ ಇಕ್ಕಳಗಳು ಮೇಲಿನ ದವಡೆಗೆ ಬೇರೆ, ಕೆಳಗಿನದಕ್ಕೆ ಬೇರೆ. ಬೇರನ್ನು ಸಡಿಲಿಸಲು ಮೀಟುಗೋಲು. ಒಸಡನ್ನು ಮೂಳೆಯಿಂದ ಬಿಡಿಸಲು ಚಪ್ಪಟೆ ತುದಿಯ ಒಂದು ಸಲಾಕೆ. ಕೆನ್ನೆಯನ್ನು ಎಳೆದು ಹಿಡಿಯಲು ಬಾಗಿದ ಒಂದು ಪಟ್ಟಿ. ಹೊಲಿಗೆಗೆ ಬೇಕಾದದ್ದು ನಾಲ್ಕೇ: ಸಣ್ಣ ಮೀನಿನ ಮುಳ್ಳಿನಂತೆ ಬಾಗಿದ ಸೂಜಿ, ಆ ಸೂಜಿಯನ್ನು ಕಚ್ಚಿ ಹಿಡಿಯುವ ಉದ್ದ ಹಿಡಿಯ ಇಕ್ಕಳ, ಒಸಡಿನ ಅಂಚನ್ನು ನೋಯಿಸದೆ ಎತ್ತುವ ಚಿಮಟ, ಒಂದು ಕತ್ತರಿ. ಮತ್ತೆ ಕಪ್ಪು ರೇಷ್ಮೆ ದಾರ.

ಕಾಲೇಜಿನಲ್ಲಿ ಹೊಲಿಗೆ ಕಲಿಸಿದ ಮೇಷ್ಟ್ರು ಮಾತು ಕಡಿಮೆ ಆಡುವವರು. ಸೂಜಿಯನ್ನು ತುದಿಯಲ್ಲೂ ಹಿಡಿಯಬಾರದು, ಕಣ್ಣಿನ ಹತ್ತಿರವೂ ಹಿಡಿಯಬಾರದು, ನಡುವಿಗಿಂತ ತುಸು ಹಿಂದೆ ಹಿಡಿಯಬೇಕು. ಒಸಡಿಗೆ ನೇರವಾಗಿ ಚುಚ್ಚಬೇಕು, ಆಮೇಲೆ ಮಣಿಕಟ್ಟು ತಿರುಗಿಸಿದರೆ ಸೂಜಿ ತನ್ನ ಬಾಗಿಗೆ ತಾನೇ ಹೊರಗೆ ಬರುತ್ತದೆ. ಮೊದಲು ಅಲುಗುವ ಅಂಚಿಗೆ, ಆಮೇಲೆ ಅಲುಗದ ಅಂಚಿಗೆ. ಗಂಟನ್ನು ಗಾಯದ ಮೇಲೆ ಕೂರಿಸದೆ ಪಕ್ಕಕ್ಕೆ ತಳ್ಳಬೇಕು. ಎರಡು ಸುತ್ತು ಒಂದು ಕಡೆಗೆ, ಒಂದು ಸುತ್ತು ಅದರ ವಿರುದ್ಧ, ಮತ್ತೊಂದು ಮೊದಲಿನ ಕಡೆಗೆ. ಬಿಗಿ ಎಷ್ಟು ಎಂದರೆ ಅಂಚುಗಳು ಒಂದನ್ನೊಂದು ಮುಟ್ಟುವಷ್ಟು. ಒಸಡು ಬಿಳಿಚಿಕೊಂಡರೆ ಹೆಚ್ಚಾಯಿತು ಎಂದು ಅರ್ಥ. ಕೊನೆಗೆ ದಾರ ಕತ್ತರಿಸುವಾಗ ಅಕ್ಕಿಕಾಳಿನಷ್ಟು ಬಾಲ ಬಿಡಬೇಕು. ಬಾಯೆಂದರೆ ಸದಾ ನೀರು, ಸದಾ ಅಲುಗಾಟ. ಬಾಲವಿಲ್ಲದ ಗಂಟು ಜಾರಿ ಬಿಚ್ಚುತ್ತದೆ, ಹೊಲಿಗೆ ತೆಗೆಯುವ ದಿನ ಹಿಡಿದೆತ್ತಲೂ ಏನೂ ಸಿಗುವುದಿಲ್ಲ. ಇದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ನಾನು ರವಿಕೆಗೆ ಗುಂಡಿ ಹೊಲಿದರೂ ಬಾಲ ಬಿಡುತ್ತಿದ್ದೆ.

ಶಿಡ್ಲಘಟ್ಟದಲ್ಲಿ ಬಿಚ್ಚಿಕೊಂಡ ಹೊಲಿಗೆಗಳ ಬಗ್ಗೆ ಮೊದಮೊದಲು ನಾನು ಅಷ್ಟಾಗಿ ಚಿಂತೆ ಮಾಡಲಿಲ್ಲ. ಹಲ್ಲು ಕಿತ್ತ ಗುಳಿ ಹೊಲಿಗೆ ಇದ್ದರೂ ಮಾಗುತ್ತದೆ, ಇಲ್ಲದಿದ್ದರೂ ತುಸು ತಡವಾಗಿ ಮಾಗುತ್ತದೆ. ವಾರ ಬಿಟ್ಟು ಬಂದವರ ಬಾಯಿ ತೆರೆಸಿದರೆ ದಾರ ಅರ್ಧ ನೇತಾಡುತ್ತಿರುತ್ತಿತ್ತು, ಇಲ್ಲವೇ ಇರುತ್ತಲೇ ಇರಲಿಲ್ಲ. ಗಂಟು ಎಲ್ಲಿ ಹೋಯಿತು ಎಂದು ಕೇಳಿದರೆ, ಗೊತ್ತಿಲ್ಲಮ್ಮ ಎಂದು ನೆಲ ನೋಡುತ್ತಿದ್ದರು. ಊರಿಗೆ ಊರೇ ನನ್ನ ಮುಖ ನೋಡದೆ ನೆಲ ನೋಡುತ್ತಿದೆಯಲ್ಲ ಎಂದು ನನಗೆ ಆಗಾಗ ಅನ್ನಿಸಿದ್ದುಂಟು.

ಹಾಗಿರುವಾಗ ಆಕೆ ಬಂದಳು.

ನಲವತ್ತರ ಆಸುಪಾಸಿನ ಹೆಂಗಸು, ಬುರ್ಖಾ ಹಾಕಿಕೊಂಡಿದ್ದಳು. ಜೊತೆಗೆ ಗಂಡನ ತಂಗಿ, ಅವಳಿಗಿಂತ ಹತ್ತು ವರ್ಷ ಚಿಕ್ಕವಳಾದ ನಾದಿನಿ. ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಗೂಡು ಬೇಯಿಸುವುದು, ಎಳೆ ಬಿಚ್ಚುವುದು, ನೂಲನ್ನು ಇನ್ನೊಂದು ಸಲ ಸುತ್ತುವುದು, ಎಲ್ಲವೂ ಮನೆಯ ಹೆಂಗಸರ ಕೈಯಲ್ಲೇ. ಕೆಲವು ತಿಂಗಳ ಹಿಂದೆ ಚಿಂತಾಮಣಿಯ ಸಂತೆಯಲ್ಲಿ ಕುಳಿತು ಹಲ್ಲು ಕೀಳುತ್ತಿದ್ದ ಯಾವನೋ ಒಬ್ಬ ಅವಳ ಮೇಲಿನ ದವಡೆ ಹಲ್ಲನ್ನು ಕಿತ್ತಿದ್ದ. ಆ ಹಲ್ಲಿನ ಬೇರಿನ ಮೇಲೆ, ಮೂಗಿನ ಪಕ್ಕದಲ್ಲಿ, ಮೂಳೆಯೊಳಗೆ ಒಂದು ಪೊಳ್ಳು ಜಾಗವಿರುತ್ತದೆ. ನಡುವಿನ ತೆಳು ಮೂಳೆ ಹಲ್ಲಿನ ಜೊತೆಗೇ ಬಂದುಬಿಟ್ಟಿತ್ತು. ಅಂದರೆ ಬಾಯಿಗೂ ಮೂಗಿಗೂ ನಡುವೆ ಒಂದು ತೂತು.

ಅವಳ ಕಷ್ಟವನ್ನು ಅವಳು ಹೇಳಲಿಲ್ಲ, ನಾದಿನಿ ಹೇಳಿದಳು. "ನೀರು ಕುಡುದ್ರೆ ಮೂಗಲ್ಲಿ ಬರುತ್ತೆ ಡಾಕ್ಟರಮ್ಮ. ಟೀ ಕುಡುದ್ರೂ ಬರುತ್ತೆ. ನಮ್ ಅತ್ಗೆ ಈಗ ಯಾರ್ ಮುಂದೇನೂ ಕೂತು ಏನೂ ಕುಡಿಯಲ್ಲ. ಅಡಿಗೆಮನೇಲಿ ಗೋಡೆ ಕಡೆ ಮುಖ ಮಾಡ್ಕೊಂಡು ಕುಡೀತಾಳೆ."

ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆಕೆಯ ಮಗಳಿಗೆ ಚಿಂತಾಮಣಿಯಿಂದ ಸಂಬಂಧ ಬಂದಿತ್ತು. ಗಂಡಿನ ಮನೆಯ ಹೆಂಗಸರು ಬಂದು ಕುಳಿತಾಗ ಈಕೆ ಅವರ ಜೊತೆ ಕೂತು ಟೀ ಮುಟ್ಟಲಿಲ್ಲ. ಒಂದಲ್ಲ ಒಂದು ನೆಪ ಹೇಳಿ ಒಳಗೇ ಇದ್ದುಬಿಟ್ಟಳು. ಹುಡುಗಿಯ ತಾಯಿಗೆ ನಾವು ಬಂದದ್ದು ಇಷ್ಟವಿಲ್ಲ, ನಮ್ಮ ಜೊತೆ ಒಂದು ಗುಟುಕು ಕುಡಿಯಲೂ ಅವಳಿಗೆ ಬೇಡ ಎಂದುಕೊಂಡು ಅವರು ಮುಖ ಊದಿಸಿಕೊಂಡು ಹೋದರು. ಮಾತು ಅಲ್ಲಿಗೇ ನಿಂತಿತ್ತು. ಅವರನ್ನು ಇನ್ನೊಂದು ಸಲ ಕರೆಯಬೇಕಿತ್ತು, ಕರೆದರೆ ಈಕೆ ಅವರ ಎದುರಿಗೆ ಕೂತು ಟೀ ಕುಡಿಯಬೇಕಿತ್ತು.

"ನಿಜ ಹೇಳಿಬಿಡಿ ಅವರಿಗೆ. ಹಲ್ಲು ಕಿತ್ತದ್ದು ಹೀಗಾಯ್ತು ಅಂತ," ಎಂದೆ.

ಆಗ ಆಕೆ ಮೊದಲ ಸಲ ಬಾಯಿಬಿಟ್ಟಳು. ಧ್ವನಿಯೂ ಮೂಗಿನಿಂದ ಬರುತ್ತಿತ್ತು. "ಮೂಗಲ್ಲಿ ಟೀ ಬರೋ ಅಮ್ಮನ ಮಗಳನ್ನ ಯಾರ್ ಮಾಡ್ಕೋತಾರಮ್ಮ? ಏನೋ ದೊಡ್ಡ ಬೀಮಾರಿ ಅಂತಾರೆ. ಮಗಳಿಗೂ ಬರುತ್ತೆ ಅಂತಾರೆ."

ಬೆಂಗಳೂರಿಗೆ ಹೋಗಿ ಎಂದರೆ ಅದಕ್ಕೂ ಇದೇ ಉತ್ತರ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದಳಂತೆ ಎಂಬ ಸುದ್ದಿ ಅವಳು ವಾಪಸು ಬರುವ ಮೊದಲೇ ಚಿಂತಾಮಣಿ ತಲುಪಿರುತ್ತದೆ ಎಂದಳು.

ಮೂಗು ಮುಚ್ಚಿ ಮೆಲ್ಲಗೆ ಊದಿಸಿದಾಗ ಗುಳಿಯಲ್ಲಿ ಗುಳ್ಳೆ ಎದ್ದವು. ಕೀವಾಗಿದ್ದ ಪೊಳ್ಳನ್ನು ಕೆಲವು ವಾರ ತೊಳೆದು ಶುದ್ಧ ಮಾಡಿದೆ. ಆಮೇಲೆ ಕೆನ್ನೆಯ ಕಡೆಯ ಒಸಡನ್ನು ಬಿಡಿಸಿ, ಹೊದಿಕೆ ಎಳೆದಂತೆ ತೂತಿನ ಮೇಲೆ ಎಳೆದು, ಅಂಗುಳದ ಕಡೆಯ ಅಂಚಿಗೆ ಹೊಲಿದೆ. ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ, ಗೂಡು ಬೇಯಿಸುವ ಒಲೆಯನ್ನು ಊದುಗೊಳವೆಯಿಂದ ಊದುವ ಕೆಲಸ ಬೇರೆಯವರಿಗೆ ಬಿಡಿ ಎಂದು ಹೇಳಿ ಕಳಿಸಿದೆ. ಬಸ್ಸಿನಲ್ಲಿ ಬರುವಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟು ಖುಷಿಯಾಗಿದ್ದೆ.

ಮುಂದಿನ ವಾರ ಹೋದರೆ ಬಾಗಿಲಲ್ಲೇ ಇಬ್ಬರೂ ನಿಂತಿದ್ದರು. ಹೊಲಿಗೆ ಬಿಚ್ಚಿತ್ತು. ಒಸಡು ಹಿಂದಕ್ಕೆ ಸರಿದಿತ್ತು. ದಾರದ ಎರಡು ತುಂಡು ಸಡಿಲವಾಗಿ ಒಸಡಿನೊಳಗೆ ಉಳಿದಿದ್ದವು, ಗಂಟು ಒಂದೂ ಇರಲಿಲ್ಲ.

"ಒಲೆ ಊದಿದ್ರಾ?"

"ಇಲ್ಲಮ್ಮ."

"ಸೀನಿದ್ರಾ?"

"ಬಾಯಿ ತೆರೆದೇ ಸೀನಿದೆ."

ನಾದಿನಿ ನೆಲ ನೋಡುತ್ತಿದ್ದಳು.

ಆಮೇಲಿನದು ನನ್ನ ಬದುಕಿನ ಬಹಳ ಅವಮಾನದ ಕಾಲ. ಶಿಡ್ಲಘಟ್ಟದಲ್ಲಿ ರೇಷ್ಮೆಯ ಬಗ್ಗೆ ಅಭಿಪ್ರಾಯವಿಲ್ಲದ ಒಂದು ಜೀವವೂ ಇರಲಿಲ್ಲ, ಅವರೆಲ್ಲರ ಅಭಿಪ್ರಾಯವನ್ನೂ ನಾನು ಕೇಳಿದೆ. ಗೂಡಿನ ಮಾರುಕಟ್ಟೆಯ ದಲ್ಲಾಳಿಯೊಬ್ಬ ಹಲ್ಲುನೋವೆಂದು ಬಂದವನು, ನನ್ನ ದಾರದ ಸುರುಳಿ ಕಂಡದ್ದೇ ನೋವು ಮರೆತು ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿದ. "ಇದು ರೇಷ್ಮೇನಾ? ಯಾರಮ್ಮ ಹೇಳಿದ್ದು?" ಎಂದ. ಒಂದು ತುಂಡಿಗೆ ಕಡ್ಡಿ ಗೀರಿ ವಾಸನೆ ನೋಡಿದ. ಸುಟ್ಟ ಕೂದಲಿನ ವಾಸನೆ ಬಂತು. "ರೇಷ್ಮೇನೇ. ಆದ್ರೆ ಕುದಿಸೀ ಕುದಿಸೀ ಅದರ ಜೀವ ತೆಗೆದಿದೀರ," ಎಂದು ಬಾಯಿ ತೆರೆದ. ಕ್ರಿಮಿ ಸಾಯಲೆಂದು ನಾವು ದಾರವನ್ನು ಕುದಿಸುತ್ತಿದ್ದದ್ದು ನಿಜ. ನಾನು ಕುದಿಸುವುದನ್ನು ಕಡಿಮೆ ಮಾಡಿ ಸ್ಪಿರಿಟ್ಟಿನಲ್ಲಿ ನೆನೆಹಾಕತೊಡಗಿದೆ.

ಇನ್ನೊಬ್ಬರು ಹುರಿ ಸಾಲದು ಎಂದರು. ಇನ್ನೊಬ್ಬರು ಹುರಿ ಹೆಚ್ಚಾಗಿದೆ, ಅದಕ್ಕೇ ಗಂಟು ಹಿಡಿಯುವುದಿಲ್ಲ ಎಂದರು. ಆಸ್ಪತ್ರೆಯ ನರ್ಸಮ್ಮ ಆಂಧ್ರದ ಗಡಿಯ ಕಡೆಯವಳು, ಅವಳಿಗೆ ರೇಷ್ಮೆಯ ಗೊಡವೆಯೇ ಇರಲಿಲ್ಲ. "ಈ ಊರ್ ನೀರೇ ಅಂಥದ್ದು ಡಾಕ್ಟರಮ್ಮ. ನಾನು ಜಡೆಗೆ ಟೇಪು ಕಟ್ಟಿದ್ರೂ ನಿಲ್ಲಲ್ಲ," ಎಂದಳು. ಅದನ್ನೂ ನಾನು ಸ್ವಲ್ಪ ಹೊತ್ತು ಯೋಚಿಸಿದೆ ಎಂದರೆ ನನ್ನ ಸ್ಥಿತಿ ಅರ್ಥವಾಗಬಹುದು.

ಚಿಕ್ಕಬಳ್ಳಾಪುರದ ಬಾಡಿಗೆ ಮನೆಯಲ್ಲಿ ಸಂಜೆಯಾದರೆ ಗಂಟು ಹಾಕುವುದೇ ಕೆಲಸವಾಯಿತು. ಕುರ್ಚಿಯ ಕಾಲಿಗೆ ಹಾಕಿದೆ. ಬಾಳೆಹಣ್ಣಿನ ಸಿಪ್ಪೆಗೆ ಹಾಕಿದೆ. ಕಸಾಯಿಯವನಿಂದ ಮೇಕೆಯ ದವಡೆ ತರಿಸಿ, ಅದರ ಒಸಡಿಗೆ ಹೊಲಿದು, ಉಪ್ಪುನೀರಿನ ಪಾತ್ರೆಯಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಎದ್ದು ಎಳೆದು ನೋಡುತ್ತಿದ್ದೆ. ಗಂಟು ಬಿಗಿಯಾಗಿ ಕೂತಿರುತ್ತಿತ್ತು. ಮನೆಯ ಯಜಮಾನಿ ವಾಸನೆಗೆ ಮೂಗು ಹಿಡಿದುಕೊಂಡು, ಇನ್ನು ಇದೆಲ್ಲ ಮನೆಯೊಳಗೆ ಬೇಡ ಎಂದರು. ಸತ್ತ ಮೇಕೆಯ ಬಾಯಲ್ಲಿ ನಿಲ್ಲುವ ಗಂಟು ಬದುಕಿರುವ ಹೆಂಗಸಿನ ಬಾಯಲ್ಲಿ ಯಾಕೆ ನಿಲ್ಲುವುದಿಲ್ಲ ಎಂದು ಅವರನ್ನೇ ಕೇಳಿಬಿಡೋಣ ಅನ್ನಿಸಿತ್ತು.

ಒಸಡು ಮಾಗಲು ಬಿಟ್ಟು, ಎರಡನೆಯ ಸಲ ಮಾಡಿದೆ. ದಾರ ಬದಲಾಯಿಸಿದೆ, ಇನ್ನೂ ದಪ್ಪದ್ದು ತಂದೆ, ಒಂದು ಸುತ್ತು ಹೆಚ್ಚಿಗೆ ಹಾಕಿದೆ. ಅದೂ ಬಿಚ್ಚಿತು. ಆಕೆ ಅಳಲಿಲ್ಲ, ದೂರಲಿಲ್ಲ. "ಪರವಾಗಿಲ್ಲಮ್ಮ, ನೀವು ಬೇಜಾರ್ ಮಾಡ್ಕೋಬೇಡಿ," ಎಂದು ನನ್ನ ಕೈ ಹಿಡಿದುಕೊಂಡಳು. ರೋಗಿಯೇ ಡಾಕ್ಟರನ್ನು ಸಮಾಧಾನ ಮಾಡುವುದು ಇದೆಯಲ್ಲ, ಅದರಷ್ಟು ಮೈ ಉರಿಸುವುದು ಇನ್ನೊಂದಿಲ್ಲ. ನಾದಿನಿಯ ಮುಖದಲ್ಲಿ ಅದಕ್ಕಿಂತ ವಿಚಿತ್ರವಾದ ಏನೋ ಇತ್ತು. ನನ್ನ ಮೇಲೆ ಕನಿಕರವಿದ್ದಂತೆ ಕಾಣುತ್ತಿತ್ತು. ಯಾಕೆಂದು ತಿಳಿಯದೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಬೆಂಗಳೂರಿಗೆ ಹೋಗಿ ಮೇಷ್ಟ್ರ ಮುಂದೆ ಕುಳಿತೆ. ಅವರು ತಮ್ಮ ಕುರ್ಚಿಯ ಹಿಡಿಗೆ ನನ್ನಿಂದ ಗಂಟು ಹಾಕಿಸಿದರು. ಎಳೆದರು, ನೀರು ಚಿಮುಕಿಸಿ ಮತ್ತೆ ಎಳೆದರು. "ಗಂಟು ಸರಿಯಾಗಿದೆ. ನಿನ್ನ ಕೈಯೂ ಸರಿಯಾಗಿದೆ. ಯಾಕೆ ಬಿಚ್ಚುತ್ತೋ ನನಗೆ ಗೊತ್ತಿಲ್ಲ," ಎಂದರು. ಗೊತ್ತಿಲ್ಲ ಎಂದು ಅವರು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕುರ್ಚಿಯ ಹಿಡಿಯ ಗಂಟನ್ನು ಕತ್ತರಿಸುತ್ತಾ, "ಇನ್ನೊಂದೇ ಸಲ ಮಾಡು. ಎರಡು ಸಲ ಎಳೆದ ಒಸಡು ಅದು. ಈ ಸಲವೂ ಹೋದರೆ ಆ ಕಡೆ ಎಳೆಯೋದಕ್ಕೆ ಏನೂ ಉಳಿದಿರಲ್ಲ. ಆಮೇಲೆ ಅಂಗುಳದಿಂದ ತೆಗೀಬೇಕು, ಇಲ್ಲಿಗೇ ಕರ್ಕೊಂಡು ಬರಬೇಕು," ಎಂದರು.

ಆಕೆ ಬೆಂಗಳೂರಿಗೆ ಬರುವವಳಲ್ಲ. ಅಂದರೆ ನನಗೆ ಉಳಿದದ್ದು ಒಂದೇ ಸಲ. ಅಷ್ಟರಲ್ಲಿ ಚಿಂತಾಮಣಿಯವರು ಬೇರೆ ಹುಡುಗಿ ನೋಡಲು ಹೊರಟಿದ್ದಾರೆ ಎಂಬ ಮಾತೂ ಕಿವಿಗೆ ಬಿದ್ದಿತ್ತು.

ಮೂರನೆಯ ಸಲ ಹೊಲಿಯುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ನರ್ಸಮ್ಮ ಕೆನ್ನೆ ಎಳೆದು ಹಿಡಿದಿದ್ದಳು. ಒಸಡಿನ ಒಳಪದರವನ್ನು ಮೆಲ್ಲಗೆ ಗೀರಿ ಸಡಿಲಿಸಿದೆ, ಅದು ಎಳೆಯದೆಯೇ ತಾನಾಗಿ ಬಂದು ತೂತಿನ ಮೇಲೆ ಕೂರುವಂತಾಯಿತು. ನಾಲ್ಕು ಹೊಲಿಗೆ, ಮುಂದೆ ಎರಡು, ಹಿಂದೆ ಎರಡು. ಪ್ರತಿ ಗಂಟನ್ನೂ ಕೆನ್ನೆಯ ಕಡೆಗೆ ಸರಿಸಿದೆ, ಮಾಮೂಲಿಗಿಂತ ತುಸು ಉದ್ದವೇ ಬಾಲ ಬಿಟ್ಟೆ. ಆಕೆಯ ನಾಲಿಗೆ ತಕ್ಷಣ ಅಲ್ಲಿಗೆ ಹೋಯಿತು. "ನಾಲಿಗೆ ಆಡಿಸಬೇಡಿ," ಎಂದು ಗದರಿದೆ.

ಈ ಸಲ ವಾರ ಕಾಯುವ ತಾಳ್ಮೆ ನನಗಿರಲಿಲ್ಲ. ಮಾರನೆಯ ದಿನ ಭಾನುವಾರ. ಬೆಳಗಿನ ಬಸ್ಸು ಹಿಡಿದು ಶಿಡ್ಲಘಟ್ಟಕ್ಕೆ ಹೋದೆ. ಅವರ ಬೀದಿ ಹುಡುಕುವುದು ಕಷ್ಟವಾಗಲಿಲ್ಲ. ಬೆಂದ ಗೂಡಿನ ವಾಸನೆ ಬಂದ ಕಡೆ ತಿರುಗಿ, ರಾಟೆಯ ಸದ್ದು ಕೇಳಿದ ಕಡೆ ನಡೆದು, ಕೇಳಿಕೊಂಡು ಹೋದೆ. ಮುಂಬಾಗಿಲು ತೆರೆದಿತ್ತು. ಕರೆದೆ, ರಾಟೆಯ ಸದ್ದಿಗೆ ಯಾರಿಗೂ ಕೇಳಲಿಲ್ಲ. ಹಿಂದಿನ ಅಂಗಳಕ್ಕೇ ಹೋದೆ.

ಅಂಗಳದ ಬಿಸಿಲಿನಲ್ಲಿ ಆಕೆ ಮಣೆಯ ಮೇಲೆ ಕುಳಿತು, ಕತ್ತು ಹಿಂದಕ್ಕೆ ಚಾಚಿ, ಬಾಯಿ ತೆರೆದಿದ್ದಳು. ಮಗಳು ಒಂದು ಚಮಚದ ಹಿಡಿಯಿಂದ ಅಮ್ಮನ ಕೆನ್ನೆಯನ್ನು ಎಳೆದು ಹಿಡಿದಿದ್ದಳು. ನಾದಿನಿ ಬಗ್ಗಿ, ಕೈಯಲ್ಲಿ ಬೆರಳುದ್ದದ ಸಣ್ಣ ಕತ್ತರಿ ಹಿಡಿದು, ಒಂದು ಕಣ್ಣು ಮುಚ್ಚಿ ಬಾಯೊಳಗೆ ಇಣುಕುತ್ತಿದ್ದಳು.

ನನ್ನ ಬಾಯಿಂದ ಏನು ಬಂತೋ ನೆನಪಿಲ್ಲ. ಮೂವರೂ ತಿರುಗಿದರು.

"ಏನ್ ಮಾಡ್ತಾ ಇದೀರ?"

ನಾದಿನಿ ಕತ್ತರಿಯನ್ನು ಸೆರಗಿನಡಿ ಮುಚ್ಚಿದಳು. ಆಮೇಲೆ ಮುಚ್ಚಿ ಪ್ರಯೋಜನವಿಲ್ಲ ಎನ್ನಿಸಿತೇನೋ, ತೆಗೆದಳು. "ಬಾಲ ತೆಗೀತಾ ಇದ್ದೆ ಡಾಕ್ಟರಮ್ಮ."

"ಯಾಕೆ?"

"ನೀವು ಬಿಟ್ಬಿಟ್ಟಿದ್ರಿ ಅಲ್ವಾ."

ನನಗೆ ಏನೂ ಅರ್ಥವಾಗಲಿಲ್ಲ. ಅವಳೇ ನನ್ನನ್ನು ಕೂರಿಸಿ, ಮೆಲ್ಲಗೆ, ಮನಸ್ಸು ನೋಯದಂತೆ ಹೇಳಿದಳು. ನೂಲು ಸುತ್ತುವಾಗ ಎಳೆ ಹರಿದರೆ ಗಂಟು ಹಾಕುತ್ತಾರೆ. ಗಂಟಿನ ಬಾಲವನ್ನು ಬುಡದವರೆಗೆ ಕತ್ತರಿಸುತ್ತಾರೆ. ಬಾಲ ಉಳಿದರೆ ಅದು ಪಕ್ಕದ ಎಳೆಗೆ ಸಿಕ್ಕಿಕೊಳ್ಳುತ್ತದೆ, ಕೊಳ್ಳುವವನು ನೂಲನ್ನು ಮುಖದ ಮೇಲೆ ಎಸೆಯುತ್ತಾನೆ. ಬಾಲ ಬಿಟ್ಟ ಗಂಟು ಎಂದರೆ ಅವರಿಗೆ ಅರ್ಧ ಮಾಡಿ ಬಿಟ್ಟ ಕೆಲಸ. ಮಕ್ಕಳಿಗೆ ಮೊದಲು ಕಲಿಸುವುದೇ ಇದನ್ನು. ಇಷ್ಟು ಓದಿದ ಹೆಂಗಸು ಹೀಗೆ ಬಾಲ ಬಿಡುತ್ತಾಳಲ್ಲ ಎಂದು ಊರಿನವರಿಗೆ ಕಸಿವಿಸಿ. ಬಸ್ಸಿಗೆ ಹೊತ್ತಾಗುತ್ತದೆ, ಪಾಪ, ಅವಸರದಲ್ಲಿ ಬಿಟ್ಟಿರುತ್ತಾಳೆ ಎಂದುಕೊಂಡಿದ್ದರು.

"ಮೊದಲನೇ ಸಲಾನೂ ನೀನೇ ಕತ್ತರಿಸಿದ್ದಾ?"

"ಹೂಂ. ಎರಡನೇ ಸಲಾನೂ."

"ಬೇರೆಯವರದು?"

"ಅವರೆಲ್ಲಾ ನನ್ನ ಹತ್ರಾನೇ ಬರ್ತಾರಮ್ಮ. ನನ್ ಕೈ ಹಗುರ ಅಂತ. ಆದ್ರೆ ಯಾರೂ ಬಾಯಿ ಬಿಟ್ಟಿಲ್ಲ. ನಿಮ್ ಮರ್ಯಾದೆ ಪ್ರಶ್ನೆ ಅಲ್ವಾ."

ಊರಿಗೆ ಊರೇ ಯಾಕೆ ನೆಲ ನೋಡುತ್ತಿತ್ತು ಎಂದು ಆಗ ತಿಳಿಯಿತು. ನನ್ನ ಮಾನ ಕಾಪಾಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಅಳುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ತಿಳಿಯದೆ ಅವರು ಕೊಟ್ಟ ನೀರು ಕುಡಿದೆ.

"ಬಾಲ ನಾನು ಬೇಕೂ ಅಂತಾನೇ ಬಿಟ್ಟಿದ್ದು," ಎಂದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಕೆಂದೇ ಬಾಲ ಬಿಡುವ ಮನುಷ್ಯರು ಲೋಕದಲ್ಲಿ ಇರುತ್ತಾರೆ ಎಂಬುದನ್ನು ಅವರು ನಂಬಲಿಲ್ಲ. ಮಾಡಿದ ತಪ್ಪನ್ನು ಮುಚ್ಚಿಕೊಳ್ಳಲು ಹೇಳುತ್ತಿದ್ದೇನೆ ಎಂದೇ ಅವರಿಗೆ ಅನ್ನಿಸಿರಬೇಕು. ಒದ್ದೆಯಲ್ಲಿ ಗಂಟು ಜಾರುತ್ತದೆ, ಬಾಲವಿದ್ದರೆ ಜಾರಲು ಜಾಗ ಉಳಿದಿರುತ್ತದೆ, ಬಿಚ್ಚುವುದಿಲ್ಲ ಎಂದು ವಿವರಿಸಿದೆ.

"ನಮ್ ಗಂಟೂ ಒದ್ದೇಲೇ ಇರುತ್ತಮ್ಮ. ಜಾರಲ್ಲ," ಎಂದಳು ಮಗಳು.

"ನಿಮ್ಮ ನೂಲಲ್ಲಿ ಹುಳದ ಅಂಟು ಇನ್ನೂ ಇರುತ್ತೆ ಕಣಮ್ಮ. ಒಣಗಿದಾಗ ಹಿಡ್ಕೊಳ್ಳುತ್ತೆ. ನನ್ನ ದಾರದಲ್ಲಿ ಅಂಟು ತೆಗೆದಿರ್ತಾರೆ," ಎಂದೆ. ಹೇಳುವಾಗ ಸರಿಯಾಗೇ ಇತ್ತು. ಹೇಳಿ ಮುಗಿಸಿದ ಮೇಲೆ ಇಷ್ಟೇ ಕಾರಣವೇ ಎಂದು ನನಗೇ ಸಂಶಯ ಬಂತು.

ಬಾಯಿ ತೆರೆಸಿ ನೋಡಿದೆ. ಮುಂದಿನ ಎರಡು ಗಂಟುಗಳ ಬಾಲ ಆಗಲೇ ಹೋಗಿತ್ತು, ಬುಡಕ್ಕೆ ಸವರಿದಂತೆ ಕತ್ತರಿಸಿದ್ದಳು. ಹಿಂದಿನ ಎರಡಕ್ಕೆ ಮಾತ್ರ ಬಾಲ ಉಳಿದಿತ್ತು. ಮತ್ತೆ ಹೊಲಿಯಲು ಹೋದರೆ ಆ ಬಡ ಒಸಡು ಹರಿದೇ ಹೋಗುತ್ತದೆ. ಮಾಡುವುದೇನೂ ಇರಲಿಲ್ಲ.

"ಇನ್ನು ಮುಟ್ಟಬೇಡಿ. ನಾಲಿಗೆಗೆ ಚುಚ್ಚಲಿ, ಕೆನ್ನೆಗೆ ಚುಚ್ಚಲಿ, ಮುಟ್ಟಬೇಡಿ," ಎಂದು ಕತ್ತರಿಯನ್ನು ಕಸಿದುಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ. ಅದು ಅವರ ಕೆಲಸದ ಕತ್ತರಿ. ಬಸ್ ಸ್ಟಾಂಡಿನವರೆಗೆ ಹೋದವಳು ತಿರುಗಿ ಬಂದು ಕೊಟ್ಟೆ.

ವಾಪಸು ಬರುವಾಗ ನನಗೆ ಗೊತ್ತಿತ್ತು, ಮುಂದಿನ ಎರಡು ಗಂಟು ಬಿಚ್ಚುತ್ತವೆ, ತೂತು ಮುಂದಿನಿಂದ ತೆರೆದುಕೊಳ್ಳುತ್ತದೆ. ಕಾರಣ ತಿಳಿದ ಮೇಲೆ ನೆಮ್ಮದಿ ಬರಬೇಕಿತ್ತು. ಕಾರಣ ತಿಳಿದೂ ಏನೂ ಮಾಡಲಾಗದಿದ್ದರೆ ಏನು ಬರಬೇಕು ಎಂದು ಯಾರೂ ನನಗೆ ಕಲಿಸಿರಲಿಲ್ಲ.

ಹೊಲಿಗೆ ತೆಗೆಯುವ ದಿನ ಬಂತು. ಅವರು ಚಿಂತಾಮಣಿಯವರಿಗೆ ಹೇಳಿ ಕಳಿಸಿಬಿಟ್ಟಿದ್ದರು, ಎರಡು ದಿನ ಕಳೆದರೆ ಸೋಮವಾರ ಅವರು ಬರುವವರಿದ್ದರು. ನನ್ನನ್ನು ಕೇಳದೆ ಯಾಕೆ ಹೇಳಿ ಕಳಿಸಿದಿರಿ ಎಂದು ಕೂಗಾಡಬೇಕೆನಿಸಿತು. ಆಕೆ ಕುರ್ಚಿಯ ಮೇಲೆ ಕುಳಿತು ಬಾಯಿ ತೆರೆದಳು. ನರ್ಸಮ್ಮ ಟಾರ್ಚು ಹಿಡಿದಳು.

ಒಸಡು ಕೂಡಿಕೊಂಡಿತ್ತು. ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ, ತಿಳಿಗೆಂಪು ಗೆರೆ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಕನ್ನಡಿ ಒರೆಸಿ ಮತ್ತೆ ನೋಡಿದೆ. ಬಾಲ ಕಳೆದುಕೊಂಡ ಮುಂದಿನ ಎರಡು ಗಂಟು ಬಿಗಿಯಾಗಿ ಕೂತಿದ್ದವು. ಬಿಚ್ಚಿಕೊಂಡದ್ದು ಹಿಂದಿನದರಲ್ಲಿ ಒಂದು. ನಾನು ಬಿಟ್ಟ ಬಾಲ ಹಾಗೇ ಇತ್ತು, ಗಂಟು ಮಾತ್ರ ಸಡಿಲವಾಗಿ ತೂಗಾಡುತ್ತಿತ್ತು.

ಹಾಗಾದರೆ ಮೊದಲೆರಡು ಸಲ ಬಿಚ್ಚಿದ್ದು ಯಾಕೆ? ಬಾಲ ಕತ್ತರಿಸಿದ್ದಕ್ಕೋ, ಒಸಡನ್ನು ನಾನು ಜಗ್ಗಿ ಎಳೆದಿದ್ದಕ್ಕೋ, ಒಳಗೆ ಕೀವು ಉಳಿದಿದ್ದಕ್ಕೋ? ಈಗ ನಿಂತದ್ದು ಯಾಕೆ? ಆಮೇಲೆ ಮೇಷ್ಟ್ರಿಗೆ ಹೇಳಿದೆ, ಅವರು ಕನ್ನಡಕ ತೆಗೆದು ಒರೆಸಿದರು ಅಷ್ಟೆ. ಎಷ್ಟೋ ವರ್ಷ ಎಷ್ಟೋ ಬಾಯಿಗಳಲ್ಲಿ ಹೊಲಿದೆ, ಎಲ್ಲ ಗಂಟಿಗೂ ಬಾಲ ಬಿಟ್ಟೆ, ಎಲ್ಲರಿಗೂ ಬಾಲ ಬಿಡಿ ಎಂದೇ ಕಲಿಸಿದೆ. ಕಲಿಸುವಾಗಲೆಲ್ಲ ಆ ಮುಂದಿನ ಎರಡು ಗಂಟು ನೆನಪಾಗಿ ಮಾತು ಒಂದು ಗಳಿಗೆ ತಡವರಿಸುತ್ತಿತ್ತು.

ಬಾಲವಿಲ್ಲದ ಗಂಟನ್ನು ತೆಗೆಯುವುದು ದೊಡ್ಡ ಪಾಡಾಯಿತು. ಚಿಮಟಕ್ಕೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಕೆದಕಿ ಕೆದಕಿ ಅಂತೂ ಎತ್ತಿದೆ, ಗಂಟಿನ ಕೆಳಗೆ ಕತ್ತರಿಸಿ ಎಳೆದೆ. ಮೂಗು ಮುಚ್ಚಿ ಮೆಲ್ಲಗೆ ಊದಿ ಎಂದೆ. ಗುಳ್ಳೆ ಬರಲಿಲ್ಲ. ಇನ್ನೊಂದು ಸಲ ಎಂದೆ. ಬರಲಿಲ್ಲ.

"ಟೀ ತರಿಸು," ಎಂದೆ ನರ್ಸಮ್ಮನಿಗೆ.

ಎದುರಿನ ಅಂಗಡಿಯಿಂದ ಟೀ ಬಂತು. ಆಕೆ ಲೋಟ ತೆಗೆದುಕೊಂಡು, ರೂಢಿಯಂತೆ, ಎದ್ದು ಗೋಡೆಯ ಕಡೆಗೆ ತಿರುಗಿ ನಿಂತಳು. ನಾದಿನಿ ಅವಳ ಭುಜ ಹಿಡಿದು ನಮ್ಮ ಕಡೆಗೆ ತಿರುಗಿಸಿ ಕೂರಿಸಿದಳು. ನಾವು ಮೂವರು ಹೆಂಗಸರು ಅವಳ ಮೂಗನ್ನೇ ನೋಡುತ್ತಾ ನಿಂತೆವು. ಒಂದು ಗುಟುಕು ಕುಡಿದಳು, ನುಂಗಿದಳು, ಸೆರಗನ್ನು ಮೂಗಿನ ಹತ್ತಿರ ತಂದು ತಡೆದಳು.

"ಬಂತಾ?" ಎಂದು ನನ್ನನ್ನು ಕೇಳಿದಳು.

"ಇಲ್ಲ," ಎಂದೆ.

ಇನ್ನೊಂದು ಗುಟುಕು. "ಈಗ?"

"ಇಲ್ಲಮ್ಮ."

ಪ್ರತಿ ಗುಟುಕಿಗೂ ಕೇಳಿದಳು. ತನ್ನ ಮೂಗಿಗೇ ಗೊತ್ತಾಗಬೇಕಾದದ್ದನ್ನು ಅವಳು ನನ್ನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದಳು. ಲೋಟ ಖಾಲಿಯಾಗುವವರೆಗೂ ನಾನು ಇಲ್ಲ, ಇಲ್ಲ ಎನ್ನುತ್ತಲೇ ಇದ್ದೆ. ಆಕೆ ಲೋಟವನ್ನು ನೆಲದ ಮೇಲಿಟ್ಟು, ಇನ್ನೊಂದು ತರಿಸಿ ಎಂದಳು. ಅದನ್ನು ಕುಡಿಯುವಾಗ ಏನೂ ಕೇಳಲಿಲ್ಲ.